ಪರೀಕ್ಷೆಯ ಮೇಜಿನ ನೀಲಿ ಹೂ

ನಮ್ಮ ಬಾಟನಿ ಸರ್ ಅವರ ಬಲಗೈ ಹೆಬ್ಬೆರಳು ಸದಾ ಕೆಂಪು. ಗಿಡದ ದಂಟನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣಲೆಂದು ಕೆಂಪು ಬಣ್ಣದಲ್ಲಿ ಅದ್ದಿ ಅದ್ದಿ, ಬಣ್ಣ ಉಗುರಿನ ಸಂದಿಗೆ ಇಳಿದುಬಿಟ್ಟಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ದಿಟ್ಟಿಸಿದರೆ, "ಹೊಸಾ ಮದುಮಗ ಅದೀನ್ರಿ" ಎಂದು ತಾವೇ ನಗುತ್ತಿದ್ದರು. ಅವರ ಊರು ನೀಲಗುಂದ. ಮದುವೆಯಾಗಿ ವರ್ಷಗಳೇ ಕಳೆದಿದ್ದರೂ ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. ಬೇಸಿಗೆ ಬಂತೆಂದರೆ, ಮುಂದಿನ ವರ್ಷಕ್ಕೆ ಆದೇಶ ಬರುತ್ತದೋ ಇಲ್ಲವೋ ಎಂದು ಆಫೀಸಿನ ಬಾಗಿಲಿಗೆ ಎಡತಾಕುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕಾನಹೊಸಹಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುತ್ತಿದ್ದೆ. ಅಪ್ಪ ರಸ್ತೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ನಮ್ಮ ಕೇರಿಯಲ್ಲಿ ಡಿಗ್ರಿ ಓದಲು ಹೋದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ. ಸೋದರಮಾವ ಬಂದಾಗಲೆಲ್ಲ, "ಹುಲ್ಲು ಹೆಂಗ ಬೆಳಿತೈತಿ ಅಂತ ಓದಾಕ ಕಾಲೇಜು ಬೇಕೇನಲೇ? ಎಮ್ಮೀನ ಕೇಳಿದ್ರ ಹೇಳ್ತಿತ್ತಲ್ಲ!" ಎಂದು ಅಣಕಿಸುತ್ತಿದ್ದ. ಅಪ್ಪ ನಗುತ್ತಿರಲಿಲ್ಲ. "ಈ ಸಲ ಪಾಸಾಗಲಿಲ್ಲ ಅಂದ್ರ ನನ್ನ ಕೈಲಿ ಆಗೂದಿಲ್ಲವ್ವಾ. ಮಾವನ ಮಾತು ಕೇಳಬೇಕಾಗತೈತಿ" ಎಂದಿದ್ದ. ಮಾವನ ಮಾತೆಂದರೆ ಅವನ ಮಗನ ಜೊತೆ ಮದುವೆ. ಆ ವರ್ಷವೆಲ್ಲ ನನಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಸರ್ ಒಮ್ಮೆ ನಮ್ಮನ್ನು ಮಾಗಳದ ಹೊಳೆದಂಡೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಹುಣಸೆ ಮರದ ಕೊಂಬೆಯ ಮೇಲೆ ಒಂದು ಆರ್ಕಿಡ್ ಹೂಬಿಟ್ಟಿತ್ತು. ಹಳದಿಗೂ ಕಂದಿಗೂ ನಡುವಿನ ಚೌಕಳಿ ದಳ, ದಳದ ಬೆನ್ನು ಬಿಳಿ. ನಡುವೆ ನಾಲಿಗೆಯಂತೆ ಚಾಚಿದ ಒಂದು ದಳ ಮಾತ್ರ ನೀಲಿ-ನೇರಳೆ.

"ಇಷ್ಟ ಬಿಸಲಾಗ ಕರಕೊಂಡ್ ಬಂದಿದ್ದು ಈ ಮಾಸಿದ ಹೂವಿಗೇನ್ರಿ ಸರ?" ಎಂದು ಗೆಳತಿ ಕೇಳಿಯೇಬಿಟ್ಟಳು.

"ಮದುವಿ ಮಂಟಪಕ್ಕ ಹೂ ಬಿಟ್ಟಿಲ್ಲ ತಂಗೀ ಅದು. ದುಂಬಿಗೆ ದಾರಿ ತೋರಸಾಕ ನಾಲಿಗಿ ಒಂದು ನೀಲಿ ಇದ್ರ ಸಾಕು ಅದಕ್ಕ. ನೀವೂ ಅಷ್ಟ, ಕಂಡಷ್ಟ ಬರೀರಿ. ಚಂದ ಕಾಣಲಿ ಅಂತ ಬಣ್ಣ ಹಚ್ಚಿ ಬರದ್ರ ಸೊನ್ನಿ ಹಾಕ್ತೀನಿ" ಎಂದರು ಸರ್.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಅದೇ ಹೂವಿನ ದಂಟೊಂದನ್ನು ಅವರು ಮಾಗಳದಿಂದ ಹಿಂದಿನ ದಿನವೇ ತಂದು ನೀರಿನ ಲೋಟದಲ್ಲಿ ನಿಲ್ಲಿಸಿದ್ದರಂತೆ. ನಮ್ಮ ಲ್ಯಾಬಿನ ಅಟೆಂಡರ್ ಹಡಗಲಿ ಕಡೆಯವನು, ದಿನಗೂಲಿ ಮೇಲಿದ್ದ. ಮನೆಯಲ್ಲಿ ಹೂ ಕಟ್ಟುವ ಕಸುಬು. ಮದುವೆ ದಿನಗಳಲ್ಲಿ ಅವನ ಮನೆಯವರು ಬಿಳಿ ಸುಗಂಧರಾಜದ ದಂಟುಗಳನ್ನು ಶಾಯಿ ಬೆರೆಸಿದ ನೀರಿನಲ್ಲಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಹೂ ನೀಲಿ. ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಅವರ ಮುಂದೆ ಇಂಥ ಸಪ್ಪೆ ಹೂ ಇಟ್ಟರೆ ನಮ್ಮ ಸರ್ ಮರ್ಯಾದೆ ಏನಾದೀತು ಎಂದು ಪಾಪ, ಅವನು ಆ ಲೋಟಕ್ಕೂ ಶಾಯಿ ಸುರಿದಿದ್ದ.

ಇದ್ಯಾವುದೂ ನನಗೆ ಆಗ ಗೊತ್ತಿಲ್ಲ. ಚೀಟಿ ಎತ್ತಿದೆ, ನನ್ನ ಪಾಲಿಗೆ ಆ ಹೂವೇ ಬಂತು. ನೋಡಿದರೆ ದಳದ ಬೆನ್ನೆಲ್ಲ ನೀಲಿ! ನೀಲಿ ಎಂದು ಬರೆದರೆ ಸುಳ್ಳು, ಬಿಳಿ ಎಂದು ಬರೆದರೆ ಕಣ್ಣಿಲ್ಲವೇನೇ ಎನ್ನುತ್ತಾರೆ. ಕಿಟಕಿಯ ಹತ್ತಿರ ನಿಂತಿದ್ದ ಸರ್ ಕಣ್ಣು ಅದೇ ಹೊತ್ತಿಗೆ ಹೂವಿನ ಮೇಲೆ ಬಿತ್ತು. ಮುಖ ಬಿಳಿಚಿಕೊಂಡಿತು. ಪರೀಕ್ಷೆಯಲ್ಲಿ ಬಾಯಿ ಬಿಡುವಂತಿಲ್ಲ. ಬೆನ್ನು ತಿರುಗಿಸಿ ಹೊರಗೆ ನೋಡುತ್ತ ನಿಂತರು.

ನಾನು ಕಂಡದ್ದನ್ನೇ ಬರೆದೆ. ಪರೀಕ್ಷಕರು ಓದಿ ಕನ್ನಡಕ ತೆಗೆದರು.

"ಬಣ್ಣ ಸಹಜವಲ್ಲ ಅಂತ ಬರೆದಿದ್ದೀಯಲ್ಲ, ಹೂ ಕೊಟ್ಟವರಿಗೇ ಪಾಠ ಹೇಳ್ತೀಯೇನಮ್ಮ?"

"ಇಲ್ರಿ ಸರ. ನಾಲಿಗ್ಯಾಗಿನ ನೀಲಿ ಹೂವಿಂದ ರೀ, ಅದು ನಾಲಿಗಿ ತುಂಬ ಒಂದ ಸಮ ಐತಿ. ದಳದಾಗಿನ ನೀಲಿ ಬರೀ ನರದ ಗುಂಟ ಹರದೈತಿ ನೋಡ್ರಿ. ಅದು ದಂಟಿನಿಂದ ಏರಿದ್ದು."

"ತೋರಿಸು."

ಬ್ಲೇಡು ತೆಗೆದು ದಂಟು ಕೊಯ್ದೆ. ಕೊಯ್ದ ಬಿಲ್ಲೆಯ ತುಂಬ ಗಸಗಸೆ ಚೆಲ್ಲಿದಂತೆ ನೀಲಿ ಚುಕ್ಕೆ. ಪರೀಕ್ಷಕರು ಬಹಳ ಹೊತ್ತು ನೋಡಿದರು. ನನ್ನ ಹೆಸರಿನ ಮುಂದೆ ಅಂಕ ಬರೆದರು. ಆಮೇಲೆ ತಲೆ ಎತ್ತಿ, "ಯಾರು ಮಾಡಿದ್ದು ಇದನ್ನ?" ಎಂದರು.

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅಟೆಂಡರನ ಕೈಯಲ್ಲಿ ಲೋಟಗಳು ಕಟಕಟ ಎಂದವು.

"ನಾನ ಮಾಡೀನ್ರಿ," ಎಂದರು ಸರ್. "ಹುಡುಗ್ರು ಕಂಡುಹಿಡಿತಾರೋ ಇಲ್ಲೋ ನೋಡೂಣು ಅಂತ."

"ನನಗೆ ಹೇಳದೆ?"

"ತಪ್ಪಾತ್ರಿ."

ಪರೀಕ್ಷಕರು ಎದ್ದು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು. ಅಟೆಂಡರ್ ಓಡಿ ಬಂದು ಸರ್ ಕಾಲಿಗೆ ಬಿದ್ದು ಅತ್ತ. ಸರ್ ಅವನ ರಟ್ಟೆ ಹಿಡಿದೆತ್ತಿ, "ಅಳಬ್ಯಾಡಲೇ. ಯಾವ ಅಂಗಡಿ ಶಾಯಿನೋ ಅದು? ಚಲೋ ಏರೈತಿ!" ಎಂದರು. ನನ್ನ ಕಡೆ ತಿರುಗಿ, "ಯಾರ ಮುಂದೂ ಬಾಯಿ ಬಿಡಬ್ಯಾಡ ತಂಗೀ. ಇವನ ಮನ್ಯಾಗ ಉಣ್ಣೋ ಬಾಯಿ ಭಾಳ ಅದಾವ. ನನಗಾದ್ರ ಊರಾಗ ಒಂಚೂರು ಹೊಲ ಐತಿ" ಎಂದರು.

ನಾನು ಪಾಸಾದೆ. ಆ ಜೂನಿನಲ್ಲಿ ಸರ್‌ಗೆ ಆದೇಶ ಬರಲಿಲ್ಲ. ಅದರ ಮುಂದಿನ ಜೂನಿನಲ್ಲೂ ಬರಲಿಲ್ಲ. ನೀಲಗುಂದದಲ್ಲಿ ಹೊಲ ನೋಡಿಕೊಂಡು, ಹರಪನಹಳ್ಳಿಗೆ ಹೋಗಿ ಟ್ಯೂಷನ್ ಹೇಳುತ್ತಿದ್ದರು. ನನಗೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಾಗ ಆದೇಶ ತೋರಿಸಲು ಹೋದೆ. ಎರಡೆರಡು ಸಲ ಓದಿದರು. "ಕಾಯಂ ಅಂತ ಐತಲ್ಲ, ಹಂಗಾರ ಭೇಷಾತು" ಎಂದು ಆದೇಶವನ್ನು ಮಡಿಸಿ ನನ್ನ ಕೈಗಿಟ್ಟರು.

ಎಂಬತ್ತರ ದಶಕದ ನಡುವೆ, ವಯಸ್ಸಾಗುವ ಮೊದಲೇ ಅವರು ತೀರಿಕೊಂಡರು. ಸುದ್ದಿ ತಂದವನು ಆ ಅಟೆಂಡರ್. ಅಷ್ಟರಲ್ಲಿ ಅವನೂ ಕಾಯಂ ಆಗಿದ್ದ. ಮಣ್ಣು ಮುಗಿದ ವಾರಕ್ಕೆ ಇಬ್ಬರೂ ನೀಲಗುಂದದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನದೊಂದೇ ಮಾತು: "ಸರ ಮನಿ ಅಮ್ಮಾರಿಗೆ ಖರೇದು ಹೇಳಿಬಿಡ್ಲೇನವ್ವಾ? ಹೇಳಿದ್ರ ನೊಂದ್ಕೊಂತಾರೋ ಏನೋ. ಹೇಳದಿದ್ರ ನನಗ ಅನ್ನ ಇಳಿಯೂದಿಲ್ಲ."

ಕೊನೆಗೆ ಅವನು ಹೇಳಿದ. ಸರ್ ಹೆಂಡತಿ ಗೋಡೆಗೆ ಆನಿಕೊಂಡು ಕೇಳಿದರು.

"ಹೂವಿಗೆ ಶಾಯಿ ಹಾಕಿ ಕೆಲಸ ಕಳಕೊಂಡ ಹುಚ್ಚ ಅಂತ ಸಾಯೋತನಕ ಅಂದೆನಲ್ಲೋ ಅವರನ್ನ," ಎಂದರು. "ಒಂದಿನಾನೂ ಹೌದು ಅಲ್ಲ ಅನ್ನಲಿಲ್ಲ ನೋಡು."

ಆಮೇಲೆ ಅಟೆಂಡರನ ಕಡೆ ತಿರುಗಿ ಕೇಳಿದರು: "ಮಕ್ಕಳೆಷ್ಟಪ್ಪಾ ನಿನಗ?"

"ಮೂರ್ರಿ ಅಮ್ಮಾ. ದೊಡ್ಡಾಕಿ ಕಾಲೇಜಿಗೆ ಹೋಗ್ತಾಳ."

"ಹಂಗಾರ ಆತು ಬಿಡು," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಬಿಸಲಾಗ ಬಂದೀರಿ, ಕುಂದರ್ರಿ" ಎಂದು ನಮಗೆ ನೀರು ತರಲು ಎದ್ದರು.