ಮೀನಿನ ಬಾಲಕ್ಕೆ ಅರಿಶಿನ ಕುಂಕುಮ

ನಾನು ಸಂಬಳ ತೆಗೆದುಕೊಳ್ಳುವುದೇ ಹೆದರುವುದಕ್ಕೆ. ಹೆಬ್ಬಾಳದ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿ. ಹೊಸ ಯಂತ್ರ ಬಂದಾಗ ಉಳಿದವರು ಅದು ಏನು ತಯಾರು ಮಾಡುತ್ತದೆ ಎಂದು ನೋಡುತ್ತಾರೆ. ನಾನು ಅದು ಯಾರ ಬೆರಳು ತೆಗೆಯುತ್ತದೆ ಎಂದು ನೋಡುತ್ತೇನೆ. ನಮ್ಮಲ್ಲಿ ದೊಡ್ಡ ದೊಡ್ಡ ತೊಟ್ಟಿಗಳಿವೆ. ಅವುಗಳ ಪಕ್ಕದ ಗೋಡೆಯ ಮೇಲೆ ನಾನೇ ಬರೆಸಿದ ಫಲಕವಿದೆ: ‘ಬಿದ್ದವರನ್ನು ಎತ್ತಲು ತಯಾರಿಯಿಲ್ಲದೆ ಇಳಿಯಬೇಡಿ.’ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಅದನ್ನು ಬಾಯಿಪಾಠ ಮಾಡಿಸುವವನೂ ನಾನೇ. ಸಂಜೆ ಹೆಲ್ಮೆಟ್ಟನ್ನು ಗೂಟಕ್ಕೆ ತಗುಲಿಹಾಕಿ ಬರುತ್ತೇನೆ, ಹೆದರಿಕೆ ಮಾತ್ರ ನನ್ನ ಜೊತೆಯೇ ಶಿಫ್ಟ್ ಬಸ್ಸು ಹತ್ತಿ ಹಿನಕಲ್ಲಿನಲ್ಲಿ ಇಳಿದು ಮನೆಗೆ ಬರುತ್ತದೆ. ಕುಕ್ಕರು ಕೂಗುವುದು ಸ್ವಲ್ಪ ತಡವಾದರೆ ಅಡುಗೆಮನೆಯಿಂದ ಎಲ್ಲರನ್ನೂ ಹೊರಗೆ ಕಳಿಸುತ್ತೇನೆ.

ಇಂಥವನನ್ನು ಕಟ್ಟಿಕೊಂಡ ಮಂಜುಳ ಒಂದು ಭಾನುವಾರ ದೋಸೆ ಮಗುಚುತ್ತಾ, “ರೀ, ನಂಗೊಂದು ಒಳ್ಳೆ ಮೊನೊಫಿನ್ ಆರಿಸ್ಕೊಡಿ” ಅಂದಳು. ಬದನೆಕಾಯಿಯಿಂದ ಹಿಡಿದು ಗೀಸರಿನವರೆಗೆ ಮನೆಗೆ ಬರುವ ಎಲ್ಲದರಲ್ಲೂ ಹುಳುಕು ಹುಡುಕುವ ಕೆಲಸ ನನ್ನದೇ ಆದ್ದರಿಂದ ಆ ಕೋರಿಕೆಯಲ್ಲಿ ಅವಳಿಗೆ ವಿಶೇಷವೇನೂ ಕಾಣಲಿಲ್ಲ. ನಾನು ಮಾತ್ರ ಕೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಗೆ ವಾಪಸು ಇಟ್ಟೆ.

ಮೊನೊಫಿನ್ ಎಂದರೇನೆಂದು ನಿಮಗೆ ಗೊತ್ತಿಲ್ಲದಿದ್ದರೆ ನೀವು ನೆಮ್ಮದಿಯಾಗಿದ್ದೀರಿ ಎಂದು ಅರ್ಥ. ಈಜುವವರು ಒಂದೊಂದು ಕಾಲಿಗೆ ಒಂದೊಂದು ರಬ್ಬರಿನ ರೆಕ್ಕೆ ಹಾಕಿಕೊಳ್ಳುವುದನ್ನು ನೋಡಿರುತ್ತೀರಿ. ಇದು ಹಾಗಲ್ಲ. ಎರಡೂ ಪಾದಗಳನ್ನು ಅಕ್ಕಪಕ್ಕದ ಎರಡು ರಬ್ಬರ್ ಗೂಡುಗಳಿಗೆ ತೂರಿಸಬೇಕು. ಆ ಗೂಡುಗಳ ಮುಂದೆ ಮೊರಕ್ಕಿಂತ ಅಗಲವಾದ ಒಂದೇ ಒಂದು ಹಲಗೆ. ಹಾಕಿಕೊಂಡ ಮೇಲೆ ಕಾಲು ಬಡಿಯುವ ಮಾತಿಲ್ಲ, ಇಡೀ ಮೈಯನ್ನು ಅಲೆಯಂತೆ ಬಳುಕಿಸಬೇಕು. ನಮ್ಮ ಕಡೆಯ ಹಳೆಯ ದೇವಸ್ಥಾನಗಳಲ್ಲಿ ದಶಾವತಾರದ ಸಾಲಿನ ಮೊದಲನೆಯವನನ್ನು ನೋಡಿ. ಸೊಂಟದಿಂದ ಮೇಲೆ ಕಿರೀಟ, ಶಂಖ, ಚಕ್ರ, ಸೊಂಟದಿಂದ ಕೆಳಗೆ ಮೀನು. ಆದರೆ ಅವನು ದೇವರು, ಅವನಿಗೆ ಉಸಿರಿನ ತಾಪತ್ರಯವಿಲ್ಲ. ನನ್ನ ಹೆಂಡತಿ ಕೆಸರೆಯ ಒಂದು ಹೈಸ್ಕೂಲಿನ ಪಿ.ಟಿ. ಟೀಚರ್, ಐವತ್ತು ದಾಟಿದವಳು.

ನೀರಿನ ಮೇಲೆ ದೂರದೂರಕ್ಕೆ ಈಜುವುದಷ್ಟೇ ಅವಳ ಆಸೆಯಾಗಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅವಳಿಗೆ ಕೆಳಗೂ ಹೋಗಬೇಕು. ಇದಕ್ಕೆ ಫ್ರೀಡೈವಿಂಗ್ ಎನ್ನುತ್ತಾರೆ. ಬೆನ್ನಿಗೆ ಸಿಲಿಂಡರ್ ಇಲ್ಲ, ಮೂಗಿಗೆ ಕೊಳವೆ ಇಲ್ಲ. ದಡದವರು ಕೊಟ್ಟ ಒಂದು ಹಗ್ಗ, ದೇವರು ಕೊಟ್ಟ ಒಂದು ಉಸಿರು. ಆ ಉಸಿರು ಮುಗಿಯುವುದರೊಳಗೆ ಹಗ್ಗದ ಗುಂಟ ಇಳಿದು ಮೇಲೆ ಬರಬೇಕು. ಹಿಂದಿನ ವರ್ಷ ಕರಾವಳಿಯ ಶಿಬಿರವೊಂದರಲ್ಲಿ ಇದರ ಮೊದಲ ಪಾಠ ಕಲಿತು ಬಂದಿದ್ದಳು. ಬರುವ ಡಿಸೆಂಬರಿಗೆ ಮೊನೊಫಿನ್ ಹಾಕಿಕೊಂಡು ಮತ್ತೆ ಕಡಲಿಗೆ ಇಳಿಯುವುದೆಂದು ನಿಶ್ಚಯಿಸಿದ್ದಳು. ಅಂದಿನಿಂದ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಇಳಿದವಳು ಮೇಲೆ ಬರದಿದ್ದರೆ?

ನೀರಿನ ವಿಷಯದಲ್ಲಿ ನಮ್ಮಿಬ್ಬರ ಜಾತಕ ಕೂಡುವುದೇ ಇಲ್ಲ. ನಮ್ಮ ಮನೆಯವರು ಹಿಂದೆ ಅರಮನೆಯ ಆಶ್ರಯದಲ್ಲಿ ಶಾಸ್ತ್ರ ಓದಿಕೊಂಡಿದ್ದವರು; ನಮಗೂ ನೀರಿಗೂ ಇರುವ ನಂಟು ಒಂದು ಉದ್ಧರಣೆಯಷ್ಟು. ಆಚಮನಕ್ಕೆ ಮೂರು ಸಲ ಅಂಗೈಗೆ ಹಾಕಿಕೊಂಡರೆ ಮುಗಿಯಿತು. ಉಸಿರು ಕಟ್ಟುವ ವಿದ್ಯೆ ನಮ್ಮಲ್ಲೂ ಇಲ್ಲದಿಲ್ಲ. ಒಳಗೆಳೆದರೆ ಪೂರಕ, ಹಿಡಿದರೆ ಕುಂಭಕ, ಬಿಟ್ಟರೆ ರೇಚಕ. ಕುಂಭಕವೆಂದರೆ ತುಂಬಿದ ಕೊಡದಂತೆ ಅಲುಗಾಡದೆ ಇರುವುದು. ಆದರೆ ನಮ್ಮ ಹಿರಿಯರು ಅದನ್ನು ಮಣೆಯ ಮೇಲೆ ಕೂತು, ಬಾಗಿಲು ಕಿಟಕಿ ತೆಗೆದಿಟ್ಟು, ಬೇಕೆನಿಸಿದಾಗ ಬಿಡುವ ಸೌಲಭ್ಯ ಇಟ್ಟುಕೊಂಡು ಮಾಡಿದರು. ಅದಕ್ಕೇ ಅವರೆಲ್ಲ ಹಾಸಿಗೆಯಲ್ಲೇ ತೀರಿಕೊಂಡರು.

ಮಂಜುಳ ಹೊಳೆಯ ಪಕ್ಕದ ಊರಿನ ಬೇಸಾಯಗಾರರ ಮಗಳು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ನಾಲೆಯಲ್ಲಿ ಈಜು ಕಲಿತವಳು. ದೊಡ್ಡವಳಾದಳೆಂದು ಮನೆಯವರು ನಾಲೆ ಬಿಡಿಸಿದರು, ಸೋರೆಬುರುಡೆಯನ್ನು ತಮ್ಮನಿಗೆ ಕೊಟ್ಟರು. ಮದುವೆಯಾದ ಹೊಸತರಲ್ಲಿ ಒಮ್ಮೆ ಇದನ್ನು ನಗುನಗುತ್ತಾ ಹೇಳಿದ್ದಳು. ನಾನೂ ನಕ್ಕಿದ್ದೆ. ಈಗ, ಇಷ್ಟು ವರ್ಷದ ಮೇಲೆ, ಕೆಳಗೆ ಹೋಗಿ ಏನು ಸಿಗುತ್ತದೆ ಮಂಜುಳ ಎಂದು ಕೇಳಿದರೆ, “ಅಲ್ಲಿ ಯಾರೂ ಕೂಗಲ್ಲ ಕಣ್ರೀ. ಬೆಲ್ಲಿಲ್ಲ, ವಿಷಲ್ಲಿಲ್ಲ, ಮಿಸ್ ಮಿಸ್ ಅನ್ನೋರಿಲ್ಲ” ಎಂದಳು. “ರೀ ಅನ್ನೋರೂ ಇಲ್ಲ” ಎಂದು ಸೇರಿಸಿದಳು. ನಮ್ಮ ಮನೆಯಲ್ಲಿ ರೀ ಎನ್ನುವವಳು ಅವಳೇ, ನಾನಲ್ಲ. ಆದರೂ ನನಗೆ ಚುರುಕ್ಕೆಂದಿತು.

ಇರಲಿ, ಆರಿಸುವ ಕೆಲಸಕ್ಕೆ ಬರೋಣ. ನಮ್ಮೂರಿನ ಆಟದ ಸಾಮಾನಿನ ಅಂಗಡಿಯವರು ಕೇರಂ ಬೋರ್ಡು, ಶಟಲ್ ಬ್ಯಾಟಿನ ಆಚೆಗೆ ಹೋದವರಲ್ಲ. ಒಬ್ಬರಂತೂ “ಕಾಲಿಗಾ, ಕೈಗಾ ಸಾರ್?” ಎಂದು ಕೇಳಿದರು. ಕೊನೆಗೆ ಬೇರೆ ಊರಿನಿಂದ ಇಂಥವನ್ನು ತರಿಸಿ ಮಾರುವವರೊಬ್ಬರು ಫೋನಿನಲ್ಲಿ ಸಿಕ್ಕಿದರು. ಹಲಗೆ ಗಡಸಾಗಿದ್ದರೆ ಒಂದೇ ಬಳುಕಿಗೆ ಬಹಳ ದೂರ ನೂಕುತ್ತದೆ, ಆಳಕ್ಕೆ ಅದು ಸರಿ, ಆದರೆ ಕಾಲಿಗೂ ಸೊಂಟಕ್ಕೂ ಬಲ ಬೇಕು. ಮೆತ್ತಗಿದ್ದರೆ ತಳ್ಳುವುದು ಕಡಿಮೆ, ಆಯಾಸವೂ ಕಡಿಮೆ. ಮೇಲೆಮೇಲೇ ಗಂಟೆಗಟ್ಟಲೆ ಈಜುವವರಿಗೆ ಅದು ಸರಿ. ಅವರು ಇಷ್ಟು ಹೇಳುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಮೆತ್ತನೆಯದನ್ನು ಆರಿಸಿಬಿಟ್ಟಿದ್ದೆ.

ಮಂಜುಳಳ ಮುಂದೆ ಮೆತ್ತನೆಯದರ ಗುಣಗಾನ ಶುರುಮಾಡಿದೆ. ಮಂಡಿಗೆ ಹಿತ, ಕಾಲು ಹಿಡಿದುಕೊಳ್ಳುವುದಿಲ್ಲ, ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಅವಳು ಒಣಗಿದ ಬಟ್ಟೆ ಮಡಿಸುತ್ತಾ ಪೂರ್ತಿ ಕೇಳಿಸಿಕೊಂಡು, “ಮೆತ್ತಂದು ಕೊಡ್ಸಿದ್ರೆ ನಾನು ಕೆಳಕ್ಕೆ ಹೋಗಲ್ಲ ಅಂದ್ಕೊಂಡ್ರಾ?” ಎಂದಳು. “ಬರಿಗಾಲಲ್ಲೂ ಹೋಗ್ತೀನಿ. ವಾಪಸ್ ಬರಕ್ಕೇ ಅಲ್ವೇನ್ರೀ ಅದು ಬೇಕಾಗಿರೋದು?” ವಾಪಸು ಬರುವುದಕ್ಕೆ ಎಂಬ ದೃಷ್ಟಿಯಿಂದ ನಾನು ಆ ಹಲಗೆಯನ್ನು ನೋಡಿಯೇ ಇರಲಿಲ್ಲ. ಕೊನೆಗೆ ಗಡಸೂ ಅಲ್ಲದ ಮೆತ್ತಗೂ ಅಲ್ಲದ ನಡುವಿನದಕ್ಕೆ ಇಬ್ಬರೂ ಒಪ್ಪಿದೆವು. ಸಂಸಾರದಲ್ಲಿ ಹೆಚ್ಚಿನ ಸಾಮಾನು ಮನೆಗೆ ಬರುವುದು ಹೀಗೆಯೇ.

ಅಳತೆಯಲ್ಲಿ ಮತ್ತೆ ತಕರಾರು. ನಮ್ಮ ಮನೆಯಲ್ಲಿ ಯಾವತ್ತೂ ಪಾದಕ್ಕೆ ಸರಿಯಾದ ಬೂಟು ತಂದದ್ದಿಲ್ಲ. ಬೆಳೆಯುವ ಕಾಲೆಂದು ಒಂದು ಅಳತೆ ದೊಡ್ಡದು ತಂದು, ತುದಿಗೆ ಹತ್ತಿ ತುರುಕಿ ಹಾಕಿಕೊಳ್ಳುವುದು ರೂಢಿ. ಪಾದ ಬೆಳೆದು ಬೂಟಿಗೆ ಸಮನಾಗುವ ಹೊತ್ತಿಗೆ ಬೂಟು ಬಾಯಿಬಿಟ್ಟಿರುತ್ತಿತ್ತು. ಆ ಸಂಸ್ಕಾರದಲ್ಲಿ ನಾನು ಇಲ್ಲೂ ಒಂದು ಬೆರಳು ಜಾಗ ಇರಲಿ ಎಂದೆ. ಆದರೆ ಮೊನೊಫಿನ್ನಿನ ಗೂಡು ಕಾಲಿಗೆ ಕಚ್ಚಿಕೊಂಡಿರಬೇಕು, ಸಡಿಲವಾದರೆ ಬಲವೆಲ್ಲ ಸೋರಿಹೋಗುತ್ತದೆ, ಚರ್ಮವೂ ಕಿತ್ತುಬರುತ್ತದೆ. ಮಂಜುಳ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಒದ್ದೆ ಪಾದ ಊರಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು, “ಇನ್ನೆಷ್ಟು ಬೆಳೀತೀನ್ರೀ ನಾನು?” ಎಂದಳು.

ಅದು ಮನೆಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಪೊಟ್ಟಣ ಬಿಚ್ಚಿ ಹಜಾರದಲ್ಲಿ ಗೋಡೆಗೆ ಒರಗಿಸಿಟ್ಟೆವು. ನಮ್ಮ ಅಮ್ಮ ಅದನ್ನು ಮುಂದಿನಿಂದ ಹಿಂದಿನಿಂದ ನೋಡಿ, “ನಾಳೆ ಇದಕ್ಕೂ ಪೂಜೆ ಆಗ್ಬೇಕು” ಎಂದರು. ನನ್ನ ರಕ್ತದಲ್ಲಿದ್ದ ಶಾಸ್ತ್ರ ಎಚ್ಚರವಾಯಿತು. ಕಾಲಿಗೆ ಹಾಕಿಕೊಳ್ಳುವುದೆಂದ ಮೇಲೆ ಅದು ಪಾದರಕ್ಷೆಯ ಜಾತಿ. ಪಾದರಕ್ಷೆಯ ಜಾಗ ಹೊಸ್ತಿಲಿನಿಂದ ಆಚೆ. ಚಪ್ಪಲಿಗೆ ಕುಂಕುಮ ಹಚ್ಚುವುದುಂಟೆ?

“ಚಪ್ಲಿ ಹಾಕ್ಕೊಂಡು ಮನುಷ್ಯ ನಡೀತಾನೆ ಕಣೋ. ಇದು ಮನುಷ್ಯನ್ನ ಹೊತ್ಕೊಂಡು ಹೋಗುತ್ತೆ. ವಾಹನ ಅಲ್ದೆ ಇನ್ನೇನು?” ಎಂದರು ಅಮ್ಮ.

“ಚಕ್ರ ಇಲ್ವಲ್ಲಮ್ಮ.”

“ಗರುಡಂಗೆ ಎಷ್ಟು ಚಕ್ರ ಇದೆಯೋ?”

ಹೀಗೆ ಮರುದಿನ ನನ್ನ ಸ್ಕೂಟರಿನ ಪಕ್ಕದಲ್ಲಿ ಮೊನೊಫಿನ್ ಕೂತಿತು. ಹಲಗೆಯ ಮೇಲೆ ಮೂರು ಎಳೆ ಗಂಧ, ಅದರ ಮೇಲೆ ಅರಿಶಿನ ಕುಂಕುಮ, ಸುತ್ತ ಸೇವಂತಿಗೆ. ಸೊಸೆಯ ಪಾದ ಇರುವ ಜಾಗವೆಂದು ಅಮ್ಮ ಎರಡೂ ಗೂಡುಗಳ ಒಳಗೆ ಕೈ ಹಾಕಿ ತಳದಲ್ಲೂ ಧಾರಾಳವಾಗಿ ಕಲಸಿದ ಕುಂಕುಮ ಮೆತ್ತಿದರು. ನಿಂಬೆಹಣ್ಣು ತುಳಿಸುವುದೂ ಆಗಬೇಕೆಂದರು. ಮಂಜುಳ ಕುರ್ಚಿಯಲ್ಲಿ ಕೂತು, ಪಾದ ತೂರಿಸಿಕೊಂಡು, ನನ್ನ ಎರಡೂ ಭುಜ ಹಿಡಿದು ಎದ್ದು ನಿಂತಳು. ನೆಲದ ಮೇಲೆ ಆ ಬಾಲ ಕಟ್ಟಿಕೊಂಡು ಒಂದು ಹೆಜ್ಜೆ ಇಡುವುದೂ ಸಾಧ್ಯವಿಲ್ಲ. ಅವಳ ಭಾರವೆಲ್ಲ ನನ್ನ ಮೇಲಿತ್ತು. ಹಿಡಿದುಕೊಂಡವನು ನಾನು, ಬಿಟ್ಟರೆ ಬೀಳುತ್ತಾಳೆ ಎಂಬುದು ನನಗೆ ಎಷ್ಟು ಹಿತವಾಗಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವಳು ಒಮ್ಮೆ ಕುಪ್ಪಳಿಸಿದಳು. ನಿಂಬೆಹಣ್ಣು ಒಡೆಯದೆ ಸೋಫಾದ ಕೆಳಗೆ ಓಡಿಹೋಯಿತು. ಅಮ್ಮ ಅದನ್ನೇ ಶುಭವೆಂದು ತೀರ್ಮಾನಿಸಿದರು.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ, ಈಜುಕೊಳದಲ್ಲಿ ಜನವಿಲ್ಲದ ಹೊತ್ತು ನೋಡಿ ಅಲ್ಲಿಗೆ ಹೋದೆವು. ಕೋಚ್ ಸಿದ್ದರಾಜು ಅವಳ ಜೊತೆ ನೀರಿಗಿಳಿದರು. ಉಸಿರು ಕಟ್ಟಿ ಮುಳುಗುವವರನ್ನು ಒಬ್ಬರು ನೀರಿನಲ್ಲೇ ಇದ್ದು ಕಾಯಬೇಕೆಂಬುದು ಅವರಲ್ಲಿ ಕಟ್ಟುನಿಟ್ಟು. ಮಂಜುಳ ಹಲಗೆಯನ್ನು ಮನೆಯಲ್ಲೇ ಒರೆಸಿದ್ದಳು. ಪಾದ ಸಲೀಸಾಗಿ ಜಾರಲೆಂದು ಗೂಡುಗಳಿಗೆ ಸೋಪಿನ ನೀರು ಬಿಟ್ಟುಕೊಂಡು, ಕಾಲು ತೂರಿಸಿ, ನನ್ನ ಕಡೆ ಒಮ್ಮೆ ನೋಡಿ, ಮುಳುಗಿದಳು.

ಅವಳು ನೀರಿನಲ್ಲಿ ಬಳುಕಿದ್ದನ್ನು ನೋಡಿ ನಾನು ಕೊಳದ ಅಂಚಿಗೇ ಬಂದು ನಿಂತೆ. ಹಬ್ಬದ ದಿನ ನನ್ನ ಭುಜ ಹಿಡಿದು ಕುಪ್ಪಳಿಸಿದವಳು ಇವಳೇ ಏನು? ಎಷ್ಟು ಚೆಂದವಾಗಿ ಹೋಗುತ್ತಿದ್ದಳೆಂದರೆ ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಸಿದ್ದರಾಜು ನೀರಿನಿಂದಲೇ, “ಸಾರ್, ನೀವ್ಯಾಕೆ ಉಸ್ರು ಕಟ್ಕೊಂಡಿದೀರ? ಬುಡಿ ಸಾರ್, ಉಸ್ರು ಬುಡಿ” ಎಂದು ಕೂಗಿದರು. ಅವಳು ಮುಳುಗಿದಾಗಿನಿಂದ ನಾನೂ ಉಸಿರು ಹಿಡಿದುಕೊಂಡಿದ್ದೆ. ಬಿಟ್ಟೆ, ಎಳೆದುಕೊಂಡೆ, ಮತ್ತೆ ಹಿಡಿದೆ.

ಆಗ ಕಂಡಿತು. ಆಳದ ಕಡೆ, ಅವಳ ಕಾಲಿನ ಹತ್ತಿರ, ನೀರಿನಲ್ಲಿ ಒಂದು ಕೆಂಪು ಎಳೆ. ನೋಡುತ್ತಿದ್ದಂತೆ ಅದು ಹರಡಿಕೊಂಡಿತು.

ಮುಂದಿನದನ್ನು ನಾನು ಯೋಚಿಸಿ ಮಾಡಲಿಲ್ಲ. ಷರ್ಟು, ಕನ್ನಡಕ, ಜೇಬಿನ ಫೋನು ಸಮೇತ ಹಾರಿದೆ. ಈಜು ಬಾರದವನಿಗೆ ಆಳ ಎಷ್ಟಿದ್ದರೂ ಒಂದೇ. ಕಿವಿಗೆ ಮೂಗಿಗೆ ನೀರು ನುಗ್ಗಿತು. ಮೇಲೆ ಯಾವುದು ಕೆಳಗೆ ಯಾವುದು ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ನನ್ನ ಕಂಕುಳಿಗೆ ಬಂತು, ಗದ್ದ ಮೇಲಾಯಿತು, ಬೆನ್ನ ಕೆಳಗೆ ಏನೋ ಒಂದು ಬಲವಾಗಿ ಬಳುಕಿ ನನ್ನನ್ನು ನೂಕಿತು. ಎರಡು ಮೂರು ನೂಕಿಗೆ ದಡ ಬಂತು. ಸಿದ್ದರಾಜು ತಲುಪುವ ಮೊದಲೇ ಮಂಜುಳ ನನ್ನನ್ನು ಕಂಬಿಗೆ ಹಿಡಿಸಿದ್ದಳು.

ನಾನು ಕೆಮ್ಮುತ್ತಾ ಅವಳ ಕಾಲಿನ ಕಡೆ ಬೆರಳು ತೋರಿಸಿದೆ. “ರಕ್ತ” ಎಂದೆ. ಅವಳು ಬಾಲವನ್ನು ಮೇಲೆತ್ತಿ ಗೂಡಿನ ಅಂಚಿಗೆ ಬೆರಳು ಹಾಕಿ ತೆಗೆದು, ಮೂಸಿ ನೋಡಿ, ಕಣ್ಣು ಅರಳಿಸಿದಳು. “ಅತ್ತೆಯವ್ರ ಕುಂಕುಮ ಕಣ್ರೀ!” ನಗಲು ಶುರುಮಾಡಿದವಳು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. “ಈಜು ಬರಲ್ಲ ಅಂತ ಗೊತ್ತಿದ್ದೂ ಯಾಕ್ರೀ ಹಾರ್ಬುಟ್ರಿ?” ಎಂದಳು, ಬಹಳ ಮೆಲ್ಲಗೆ. ಕಾರ್ಖಾನೆಯ ತೊಟ್ಟಿಯ ಪಕ್ಕದ ಫಲಕ ನನಗೆ ನೆನಪಾಯಿತು. ಅದನ್ನು ಅಷ್ಟು ಜನಕ್ಕೆ ಬಾಯಿಪಾಠ ಮಾಡಿಸಿದವನು, ಒಂದು ಚಿಟಿಕೆ ಕುಂಕುಮಕ್ಕೆ ಅದರ ಒಂದಕ್ಷರವನ್ನೂ ಉಳಿಸಿಕೊಂಡಿರಲಿಲ್ಲ. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದದ್ದನ್ನು ನೋಡಿ ಅಮ್ಮ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡರು. ಕುಂಕುಮದ ಬಗ್ಗೆ ಅವರಿಗೆ ಕಿಂಚಿತ್ತೂ ಪಶ್ಚಾತ್ತಾಪವಾಗಲಿಲ್ಲ. “ಮೊದಲ್ನೇ ಸವಾರೀಲೇ ನಿನ್ನ ಹೊತ್ಕೊಂಡು ದಡಕ್ಕೆ ಹಾಕ್ತಲ್ಲೋ. ಈಗ್ಲಾದ್ರೂ ಒಪ್ಕೋತೀಯಾ, ವಾಹನ ಅಂತ?” ಎಂದು ಟವೆಲು ಕೊಟ್ಟರು. ಒಪ್ಪಿಕೊಂಡೆ.

ಈಗ ನಾನೂ ಸಿದ್ದರಾಜು ಅವರ ಶಿಷ್ಯ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ಕಾಲು ಬಡಿಯುತ್ತೇನೆ, ಆಗಾಗ ತೇಲುತ್ತೇನೆ. ನನ್ನಿಂದ ಯಾರನ್ನೂ ಕಾಪಾಡಲಾಗದು; ಡಿಸೆಂಬರಿನಲ್ಲಿ ಕಡಲಿನಲ್ಲಿ ಅವಳನ್ನು ಕಾಯುವವರು ಬಲ್ಲವರೇ ಆಗಿರುತ್ತಾರೆ. ನಾನು ಲೈಫ್ ಜಾಕೆಟ್ಟು ತೊಟ್ಟು ದೋಣಿಯಲ್ಲಿ ಕೂತಿರುತ್ತೇನೆ. ಹೆದರಿಕೆ ಹೋಗಿದೆಯೇ ಎಂದು ಕೇಳಬೇಡಿ. ಅದಕ್ಕೂ ಒಂದು ಟಿಕೆಟ್ಟು ತೆಗೆಸಿದ್ದೇನೆ. ಆದರೆ ಅವಳು ಮುಳುಗಿದಾಗ ನಾನೂ ಉಸಿರು ಕಟ್ಟಿಕೊಳ್ಳುವುದನ್ನು ಮಾತ್ರ ಪ್ರಯತ್ನಪಟ್ಟು ಬಿಡುತ್ತಿದ್ದೇನೆ. ಒಳಗೆ, ಹೊರಗೆ, ಒಳಗೆ, ಹೊರಗೆ. ಗಂಡ ಹೆಂಡತಿ ಇಬ್ಬರಿರುವಾಗ ಒಬ್ಬರಾದರೂ ಉಸಿರಾಡುತ್ತಿರಬೇಕಲ್ಲ.