ಗೇಟಿನಾಚೆ ನಿಲ್ಲುವ ಅವ್ವ

ನಮ್ಮ ಕೂಟಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಕೂಗಳತೆಯಲ್ಲಿದ್ದ ನಮ್ಮವ್ವ ಮಾತ್ರ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅಂದರೆ ಗೇಟಿನವರೆಗೆ ಬರುತ್ತಿದ್ದಳು. ಸಾರಿನ ಪಾತ್ರೆ ತಂದು, ಗೇಟಿನಾಚೆ ನಿಂತು ನನ್ನನ್ನು ಕೂಗಿ, ಕೈಗೆ ಕೊಟ್ಟು, ಹಿಂದೆ ನೋಡದೆ ಹೋಗುತ್ತಿದ್ದಳು. ಮೂರು ವರ್ಷದಿಂದ ಇದೇ ಕಥೆ. ಒಳಗೆ ಚಿತ್ರದ ಬಗ್ಗೆ, ಹಾಡಿನ ಬಗ್ಗೆ ಏನೇನೋ ಮಾತು ನಡೆಯುತ್ತಿರುವಾಗ ನನ್ನ ಕಿವಿ ಗೇಟಿನ ಚಿಲಕದ ಕಡೆಗೇ ಇರುತ್ತಿತ್ತು. ಒಂದು ಕಡೆ ಕೂತು ಪೂರ್ತಿ ಒಂದು ಮಾತು ಕೇಳಿದ್ದು ನನಗೆ ನೆನಪಿಲ್ಲ.

ಜಾಗ ಯಾವುದು ಅಂತ ಹೇಳಬೇಕು. ದೊಡ್ಡಬಳ್ಳಾಪುರದ ಹೊರಗೆ, ನಮ್ಮೂರಿಗೆ ಅಂಟಿಕೊಂಡಂತೆ ಮುಚ್ಚಿಹೋದ ಒಂದು ಪವರ್‌ಲೂಮ್ ಶೆಡ್ಡಿದೆ. ಮಗ್ಗಗಳು ಗುಜರಿಗೆ ಹೋದ ಮೇಲೆ ನಾವು ನಾಲ್ಕೈದು ಜನ ಗೆಳೆಯರು ಅದನ್ನು ಬಾಡಿಗೆಗೆ ಹಿಡಿದೆವು. ನೆಲದಲ್ಲಿ ಬೋಲ್ಟಿನ ಗುರುತು, ಎಣ್ಣೆ ಕಲೆ. ಬಾಗಿಲು ಜೋರಾಗಿ ಹಾಕಿದರೆ ಇವತ್ತಿಗೂ ಶೀಟಿನಿಂದ ನೂಲಿನ ಧೂಳು ತಲೆ ಮೇಲೆ ಉದುರುತ್ತದೆ. ತಿಂಗಳಿಗೊಂದು ಭಾನುವಾರ ಅಲ್ಲಿ ದಲಿತ, ಆದಿವಾಸಿ ಕಲಾವಿದರು ಸೇರುತ್ತೇವೆ. ಸೂಲಿಬೆಲೆ ಕಡೆಯಿಂದ ತಮಟೆ ಬಾರಿಸುವ ಹೆಂಗಸರು ಬರುತ್ತಾರೆ. ಕುಂದಾಣದ ಹತ್ತಿರದ ಒಬ್ಬ ಸಿಮೆಂಟ್ ಚೀಲದ ಮೇಲೆ ಚಿತ್ರ ಬರೆಯುತ್ತಾನೆ. ಎಲ್ಲರೂ ಕೂತು ಕೆಲಸ ಮಾಡುತ್ತೇವೆ, ಜಗಳ ಆಡುತ್ತೇವೆ, ಒಟ್ಟಿಗೆ ಉಣ್ಣುತ್ತೇವೆ.

ಸ್ಕೂಲಲ್ಲಿ ಡ್ರಾಯಿಂಗ್ ಹೇಳಿಕೊಡುವವಳಿಗೆ ಯಾಕೆ ಬೇಕಿತ್ತು ಈ ಉಸಾಬರಿ ಅಂತ ಕೇಳುವವರಿದ್ದಾರೆ. ನಾನು ಬೆಂಗಳೂರಿನ ಗ್ಯಾಲರಿಗಳನ್ನೂ ನೋಡಿದ್ದೇನೆ ಸ್ವಾಮಿ. ನಮ್ಮವರ ಚಿತ್ರ ಗೋಡೆ ಮೇಲಿರುತ್ತದೆ, ಅದಕ್ಕೆ ಲೈಟೂ ಬಿಟ್ಟಿರುತ್ತಾರೆ. ಚಿತ್ರ ಬರೆದವನು ಬಾಗಿಲ ಪಕ್ಕ ನಿಂತಿರುತ್ತಾನೆ. ಅದನ್ನು ನೋಡಿ ಮೈಯೆಲ್ಲಾ ಉರಿದು, ನಮ್ಮವರು ಕೂರುವ ಒಂದು ಜಾಗ ಮಾಡೋಣ ಅಂತ ಹೊರಟಿದ್ದೆ. ಮಾಡಿದೆ. ನೋಡಿದರೆ ನನ್ನ ಹೆತ್ತವಳೇ ಗೇಟಿನಾಚೆ ನಿಂತಿದ್ದಾಳೆ!

ಅವಳು ಬರದಿರುವುದಕ್ಕೆ ಕಾರಣ ಶೆಡ್ಡಿನ ಪಕ್ಕದ ಮನೆ. ಶೆಡ್ಡಿನ ಯಜಮಾನರ ಮನೆ ಅದು. ಯಜಮಾನರ ತಾಯಿ, ನಮ್ಮವ್ವನ ಬಾಯಲ್ಲಿ ಅಮ್ಮಾವ್ರು, ದಿನವೆಲ್ಲಾ ಜಗಲಿ ಮೇಲೆ ಕೂತಿರುತ್ತಾರೆ. ಅವ್ವ ವಯಸ್ಸಿನಲ್ಲಿದ್ದಾಗ ಆ ಮನೆಯ ಕೊಟ್ಟಿಗೆ ಕೆಲಸ ಮಾಡಿದವಳು.

"ಬಾರವ್ವ ಒಳಕ್ಕೆ, ಒಂದು ಗಳಿಗೆ ಕುಂತ್ಕೊಂಡು ಹೋಗು" ಅಂದರೆ, "ನಿಂಗೇನು ತಲೆ ಕೆಟ್ಟೈತಾ? ಅಮ್ಮಾವ್ರು ಅಲ್ಲೇ ಅವ್ರೆ. ಅವರ ಕಣ್ಮುಂದೆ ಅವರ ಶೆಡ್ಡಲ್ಲಿ ನಾನು ಕುಂತ್ಕೊಳ್ಳದಾ?" ಅನ್ನುವಳು.

"ಬಾಡಿಗೆ ಕೊಡ್ತಿಲ್ವಾ ನಾವು?"

"ಬಾಡಿಗೆ ಕೊಡೋಳು ನೀನು. ನಾನು ಅವರ ಕೊಟ್ಟಿಗೆ ಬಳಿದೋಳು."

ಅಮ್ಮಾವ್ರು ಕೆಟ್ಟವರೇನಲ್ಲ. ಅವ್ವನನ್ನು ಅವರು ಬೈದಿದ್ದನ್ನು ನಾನು ಕೇಳಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಹೋಗಿ ಜಗಳ ತೆಗೆಯಬಹುದಿತ್ತು. ಅವರು ಎದುರಾದರೆ ಅವ್ವ ಎದ್ದು ನಿಲ್ಲುತ್ತಾಳೆ, ಅಷ್ಟೆ. ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತಿದ್ದರೂ ಎದ್ದೇಳುತ್ತಾಳೆ. ಮಂಡಿ ನೋವಿಗೆ ಡಾಕ್ಟರ ಹತ್ತಿರ ಹೋದಾಗ ಅಲ್ಲೂ ಅವರನ್ನು ಕಂಡು ಎದ್ದಳು. ಯಾರೂ ಏಳು ಅನ್ನಲಿಲ್ಲ. ಅದನ್ನು ನೋಡುವಾಗ ನನಗೆ ಅವರ ಮೇಲಲ್ಲ, ಇವಳ ಮೇಲೇ ಸಿಟ್ಟು ನೆತ್ತಿಗೇರುತ್ತಿತ್ತು.

ಹೋದ ವರ್ಷ ಆಷಾಢದಲ್ಲಿ ಹಳಿಯಾಳದ ಕಡೆಯ ಒಬ್ಬ ಸಿದ್ದಿ ಅಕ್ಕ ನಮ್ಮಲ್ಲಿ ಬಂದು ಉಳಿದರು. ಯಾವ ಕಾಲದಲ್ಲೋ ಆಫ್ರಿಕಾದಿಂದ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರ ಪೀಳಿಗೆ ಅವರದು. ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಅವರು ಬಸ್ಸಿಳಿದದ್ದೇ ಟೀ ಅಂಗಡಿಯವನು ತನಗೆ ಬರುವ ಇಂಗ್ಲಿಷನ್ನೆಲ್ಲಾ ಹೊರಗೆ ತೆಗೆದ. "ಮೇಡಂ, ಟೀ? ವಿತ್ ಶುಗರ್?"

"ಸಕ್ರಿ ಜಾಸ್ತಿ ಹಾಕಪಾ, ನೀರ ಕಡಿಮಿ ಹಾಕು" ಅಂದರು ಅಕ್ಕ.

ಅವನು ದಂಗಾಗಿ, "ಅಬ್ಬಾ, ಎಷ್ಟು ಚೆನ್ನಾಗಿ ಕನ್ನಡ ಕಲ್ತಿದ್ದೀರಾ! ಯಾವ ದೇಶ ಮೇಡಂ?" ಅಂದ. ನಾನು ಬಾಯಿಗೆ ಬಂದಂತೆ ಬೈಯಲು ಹೊರಟಿದ್ದೆ. ಅಕ್ಕ ಟೀ ಹೀರುತ್ತಾ, "ಹಳಿಯಾಳ ದೇಶ" ಅಂದರು. ಸಿದ್ದಿಗಳೆಂದರೆ ಕುಣಿಯುವವರು ಅಂದುಕೊಂಡ ಇನ್ನೊಬ್ಬ, ಕುಣಿತ ಯಾವತ್ತು ಇಟ್ಟುಕೊಂಡಿದ್ದೀರಿ ಅಂತ ಕೇಳಿದ್ದಕ್ಕೆ, "ನಾ ಸೂಜಿ ಹಿಡಿಯಾಕಿ. ಕುಣಿಯಾಕ ನಿಮಗ ಕಾಲಿಲ್ಲೇನು?" ಅಂದುಬಿಟ್ಟರು. ನನಗೆ ಅವರು ಆಗಲೇ ಇಷ್ಟವಾಗಿಹೋದರು.

ಕೂಟದಲ್ಲಿ ಎಲ್ಲರೂ ಸೇರಿ ಒಂದು ದೊಡ್ಡ ಕೌದಿ ಹೊಲಿಯುವುದು ಅಂತ ಆಯಿತು. ಗಾರ್ಮೆಂಟ್ಸಿಗೆ ಹೋಗುವ ಒಬ್ಬಳು, "ನಮ್ ಫ್ಯಾಕ್ಟ್ರೀಲಿ ಕಟಿಂಗ್ ವೇಸ್ಟ್ ಬೇಕಾದಷ್ಟು ಬಿದ್ದಿರ್ತದೆ, ಚೀಲಗಟ್ಟಲೆ ತರ್ತೀನಿ" ಅಂದಳು. ಅಕ್ಕ ತಲೆ ಅಲ್ಲಾಡಿಸಿದರು. ಹೊಸ ಬಟ್ಟೆ ಬಿರುಸು, ಹೊದ್ದರೆ ಮೈಗೆ ಒಗ್ಗುವುದಿಲ್ಲ, ಉಟ್ಟು ಒಗೆದು ಮೆತ್ತಗಾದ ಹತ್ತಿಯೇ ಬೇಕು, ಊರಲ್ಲಿ ಕೇಳಿ ತರೋಣ ಅಂದರು.

ಊರಲ್ಲಿ ಕೇಳುವುದೇ? ನಾನು ಎದ್ದು ನಿಂತೆ. "ಹಳೆ ಬಟ್ಟೆ ಕೇಳ್ಕೊಂಡು ನಾನು ಯಾರ ಬಾಗಿಲಿಗೂ ಹೋಗಲ್ಲಕ್ಕ. ನಮ್ಮವ್ವ ಹೋಗಿದ್ದೇ ಸಾಕು." ನಾನು ಚಿಕ್ಕವಳಿದ್ದಾಗಿನದು ಕಣ್ಣ ಮುಂದೆ ಬಂತು. ಹಬ್ಬದ ಮಾರನೇ ದಿನ ಅವ್ವ ಹಿತ್ತಲ ಬಾಗಿಲಲ್ಲಿ ಸೆರಗು ಒಡ್ಡುವುದು, ಒಳಗಿನವರು ತಾಗದ ಹಾಗೆ ಮೇಲಿಂದ ಸೀರೆ ಬಿಡುವುದು. ಅವಳ ಕಾಲಿಗೆ ಆತುಕೊಂಡು ನಾನೂ ನಿಂತಿರುತ್ತಿದ್ದೆ.

ಅಕ್ಕ ನನ್ನನ್ನೇ ನೋಡಿದರು. "ಬ್ಯಾಡ ಬಿಡವಾ. ಎಲ್ಲಾರೂ ತಮ್ಮ ತಮ್ಮ ಮನಿಯೊಳಗಿಂದ ತರೋಣು."

ಮನೆಗೆ ಹೋಗಿ ಅವ್ವನ ಟ್ರಂಕು ತೆಗೆದೆ. ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬಟ್ಟೆಗೆ ಬಸ್ ಕಂಡಕ್ಟರ್ ಊರು ಹೇಳುವ ಹಾಗೆ ಮನೆ ಹೇಳತೊಡಗಿದಳು. ಇದು ಪಟೇಲರ ಮನೇದು, ಇದು ಮೇಷ್ಟ್ರ ಮನೇದು, ಈ ಹಸಿರು ಚೌಕಳಿ ಸೀರೆ ಶೆಡ್ಡಿನ ಮನೆ ಅಮ್ಮಾವ್ರದು. ಟ್ರಂಕಿನ ತಳ ಬಂತು. ಅಂಗಡಿಯಿಂದ ನಮಗೇ ಅಂತ ತಂದ ಒಂದೇ ಒಂದು ಬಟ್ಟೆಯೂ ಅದರಲ್ಲಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು.

"ಸುಟ್ಟಾಕು ಇದನ್ನೆಲ್ಲಾ" ಎಂದು ಕಿರುಚಿದೆ.

"ಸುಡಕ್ಕೇನು ನಿಮ್ಮಪ್ಪ ತಂದಿದ್ನಾ?" ಅಂದಳು ಅವ್ವ. ಬಟ್ಟೆಗಳನ್ನು ಗಂಟು ಕಟ್ಟಿ ನನ್ನ ಕೈಗೆ ತುರುಕಿ, ಒಲೆ ಹತ್ತಿರ ಹೋದಳು. ನಾನು ದಾರಿಯುದ್ದಕ್ಕೂ ಗೊಣಗುತ್ತಾ ಗಂಟು ಹೊತ್ತುಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಮಾಕಳಿದುರ್ಗದ ಬೆಟ್ಟ ಹತ್ತಲು ಹೋಗುವ ಬೈಕುಗಳು ದಾರಿ ಕೇಳಿಕೊಂಡು ಹೋದ ಮೇಲೆ ನಮ್ಮವರು ಒಬ್ಬೊಬ್ಬರೇ ಬಂದರು. ತುಂಡುಗಳನ್ನು ಹರಿದು, ಅಂಚು ಮಡಚಿ, ದೊಡ್ಡ ಸೀರೆಯೊಂದರ ಮೇಲೆ ಜೋಡಿಸುತ್ತಾ ಅಂಚಿನಿಂದ ಒಳಗೊಳಗೆ ಹೊಲಿಯುತ್ತಾ ಬರಬೇಕು. ಸುತ್ತಲೂ ಏಳೆಂಟು ಜನ ಕೂತೆವು. ನಾನು ಮಾತ್ರ ಗಳಿಗೆಗೊಮ್ಮೆ ಎದ್ದು ಬಾಗಿಲಿಗೆ ಹೋಗುವುದು, ಬರುವುದು. ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದೂ ಆಯಿತು. "ಕುಂಡಿಗೆ ಇರುವೆ ಕಚ್ಚೈತೇನ ತಂಗಿ?" ಅಂದರು ಅಕ್ಕ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗೇಟಿನ ಚಿಲಕದ ಸದ್ದಾಗಿತ್ತು.

ಅವ್ವ ಹುರುಳಿಕಾಳು ಸಾರಿನ ಪಾತ್ರೆ ಹಿಡಿದು ಆಚೆಯೇ ನಿಂತಿದ್ದಳು. ಅಕ್ಕ ನನ್ನ ಹಿಂದೆಯೇ ಬಂದರು. "ಯಾಕ, ಒಳಗ ಬರಂಗಿಲ್ಲೇನ ನಿಮ್ಮವ್ವ?" ನಾನು ಒಂದೇ ಉಸಿರಿಗೆ ಎಲ್ಲಾ ಹೇಳಿದೆ, ಜಗಲಿ, ಅಮ್ಮಾವ್ರು, ಕೊಟ್ಟಿಗೆ. ಅಕ್ಕ ಉಪದೇಶ ಮಾಡಲಿಲ್ಲ. "ಹಂಗಾರ ನಾವ ಹೊರಗ ಹೋಗೋಣು" ಅಂದು ಕೌದಿಯನ್ನೇ ಎಳೆದುಕೊಂಡು ಬಂದು ಗೇಟಿನಾಚೆ ಹೊಂಗೆ ಮರದ ಕೆಳಗೆ ಹಾಸಿಬಿಟ್ಟರು. ಕೂಟವೆಲ್ಲಾ ರಸ್ತೆಗೆ ಬಂತು.

ಅವ್ವ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಅವಳ ಕೈ ತಡೆಯಲಿಲ್ಲ. "ಅದೇನೇ ಹಂಗೆ ದೂರ ದೂರ ಹಾಕ್ತಾ ಇದ್ದೀಯೆ ಹೊಲಿಗೇನ? ಕೋಳಿ ನಡ್ದಂಗೈತೆ" ಎಂದು ಗಾರ್ಮೆಂಟ್ಸ್ ಹುಡುಗಿಯ ಸೂಜಿ ಕಿತ್ತುಕೊಂಡು ಕೂತಳು. ಅಕ್ಕನಿಗೂ ಅವಳಿಗೂ ಮಾತು ಶುರುವಾಯಿತು. ನಾವು ಇದಕ್ಕೆ ಬೊಂತೆ ಅಂತೀವಿ, ನಾವು ಕೌದಿ ಅಂತೀವಿ, ಮಕ್ಕಳೆಷ್ಟು, ಮಂಡಿಗೆ ಏನು ಹಚ್ಚುತ್ತೀರಿ. ಅವ್ವ ಹಾಗೆ ಹೊರಗಿನವರ ಜೊತೆ ಗಲಗಲ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು, ಎರಡೂ ನಿಜ.

ಇದ್ದಕ್ಕಿದ್ದಂತೆ ಗಾಳಿ ಎದ್ದು ಸೋನೆ ಹಿಡಿಯಿತು. "ಎತ್ರೀ, ಎತ್ರೀ!" ಅಂದರು ಅಕ್ಕ. ಎಲ್ಲರೂ ತಮ್ಮ ತಮ್ಮ ಮೂಲೆ ಎತ್ತಿಕೊಂಡು ಓಡಿದೆವು. ಅವ್ವನ ಸೂಜಿ ಬಟ್ಟೆಯಲ್ಲೇ ಇತ್ತು, ದಾರ ಅವಳ ಕೈಯಲ್ಲಿತ್ತು. ಬಿಟ್ಟರೆ ಕೌದಿ ಕೆಸರಿಗೆ ಬೀಳುತ್ತಿತ್ತು. ಅವಳೂ ಓಡಿದಳು. ಗೇಟು ದಾಟಿ, ಅಂಗಳ ದಾಟಿ, ಬಾಗಿಲು ದಾಟಿ ಒಳಗೆ ಬಂದು, ಕೌದಿ ಹಾಸಿ, ಕೂತು, ಎರಡು ಹೊಲಿಗೆ ಹಾಕಿದ ಮೇಲೆ ತಲೆ ಎತ್ತಿ ಶೀಟು ನೋಡಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮಾವ್ರು ಬಂದು ನಿಂತರು. ರಸ್ತೆಯಲ್ಲಿ ಅಷ್ಟು ಜನ ಕೂತಿದ್ದು ಯಾಕೆ, ಓಡಿದ್ದು ಯಾಕೆ ಅಂತ ನೋಡಲು ಸೆರಗು ತಲೆ ಮೇಲೆ ಹಾಕಿಕೊಂಡು ಬಂದಿದ್ದರು.

ಅವ್ವನ ಬಲಗೈ ನೆಲ ಊರಿತು. ಹಿಮ್ಮಡಿ ಎದ್ದಿತು. ಬೇಡ ಕಣವ್ವ, ಏಳಬೇಡ, ನಿನ್ನ ಕಾಲಿಗೆ ಬೀಳ್ತೀನಿ ಅಂತ ನಾನು ಒಳಗೊಳಗೇ ಅರಚುತ್ತಿದ್ದೆ. ಅಕ್ಕ ಹೊಲಿಯುತ್ತಲೇ ಇದ್ದರು.

ಅಮ್ಮಾವ್ರ ಕಣ್ಣು ಕೌದಿಯ ಮೇಲಿತ್ತು. ಅವರು ಒಂದು ಹೆಜ್ಜೆ ಒಳಗಿಟ್ಟು ಬೆರಳು ಚಾಚಿದರು. "ಇದು ನನ್ನ ಸೀರೆ ಅಲ್ವೇನೇ? ಹಸಿರು ಚೌಕಳೀದು?"

ನೆಲ ಊರಿದ್ದ ಕೈ ಮೇಲೆ ಬಂತು. ಅವ್ವ ಆ ತುಂಡನ್ನು ಅಂಗೈಯಲ್ಲಿ ಸವರಿದಳು.

"ನಿಮ್ದಾಗಿತ್ತು ಅಮ್ಮಾವ್ರೇ. ನೀವು ಎರಡು ಹಬ್ಬಕ್ಕೆ ಉಟ್ರಿ. ಆಮ್ಯಾಕೆ ನಾನು ಉಟ್ಟೆ. ಇದ್ನ ಉಟ್ಕೊಂಡೇ ನಿಮ್ಮ ಕೊಟ್ಟಿಗೆ ಬಳಿದೆ. ಇವಳನ್ನ ಇದ್ರಲ್ಲೇ ಸುತ್ತಿ ಮಲಗಿಸ್ದೆ. ಇವಳಪ್ಪ ಹೋದಾಗ ಇದ್ರ ಸೆರಗೇ ಬಾಯಿಗೆ ತುರುಕ್ಕೊಂಡು ಅತ್ತಿದ್ದು. ಇದು ನಂದು."

ದನಿ ಏರಿರಲಿಲ್ಲ. ಜಗಳದ ಮಾತೂ ಆಗಿರಲಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿ ಅವಳ ಮುಖ ಕಾಣದಾಯಿತು. ಅಮ್ಮಾವ್ರು ಕುರ್ಚಿಗಾಗಿ ಆ ಕಡೆ ಈ ಕಡೆ ನೋಡಿದರು. ನಮ್ಮಲ್ಲಿ ಕುರ್ಚಿ ಇರಲಿಲ್ಲ, ಚಾಪೆ ಇತ್ತು. ಅವ್ವ ಒಂದಿಷ್ಟು ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಕುಂತ್ಕೊಳ್ಳಿ ಅಮ್ಮಾವ್ರೇ" ಅಂದಳು.

ಅಮ್ಮಾವ್ರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಅವ್ವ ಏಳಲಿಲ್ಲ.