ಎರಡನೆಯ ಮುಚ್ಚಳ

ಔರಂಗಾಬಾದಿನಲ್ಲಿ ನರ್ಸಿಂಗ್ ಕಲಿತು ನಾಶಿಕದ ಒಂದು ಸಣ್ಣ ಆಸ್ಪತ್ರೆ ಸೇರಿದ ಹೊಸದರಲ್ಲಿ ನನಗೊಂದು ಕೊಬ್ಬಿತ್ತು: ರೋಗಿಗೆ ತಿಳಿಸಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು. ಕನ್ನಡದವರು ಬಂದರೆ ಡಾಕ್ಟರು ನನ್ನನ್ನೇ ಕರೆಯುತ್ತಿದ್ದರು.

ಹಾಗೆ ಬಂದವರು ಬೀದರ್ ಕಡೆಯ ಒಬ್ಬ ಅವ್ವ. ಪಂಚವಟಿಯಲ್ಲಿ ಮಗ-ಸೊಸೆಯ ಜೊತೆ ಇದ್ದರು. ಮಗ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವ್ವನಿಗೆ ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಿನ ಗಾಯ ಮಾಯುತ್ತಿರಲಿಲ್ಲ. ಡಾಕ್ಟರು ಮನೆಯಲ್ಲೇ ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ ಬರೆದುಕೊಟ್ಟರು. ನಾನು ಹತ್ತೇ ನಿಮಿಷದಲ್ಲಿ ಎಲ್ಲ ತೋರಿಸಿ, "ತಿಳೀತೇನ್ರಿ ಅವ್ವಾ?" ಎಂದೆ.

"ಹೂಂ ರಿ, ತಿಳೀತು" ಎಂದರು.

ತಿಂಗಳಾದರೂ ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಎರಡು ಸಲ ಡೋಸ್ ಏರಿಸಿದರು. ಹೀಗೇ ಆದರೆ ಬೆರಳು ತೆಗೆಯಬೇಕಾದೀತು ಎಂದರು. ನನಗೆ ಸಿಟ್ಟು ನೆತ್ತಿಗೇರಿ, "ಕದ್ದು ಸಿಹಿ ತಿಂತೀರೇನ್ರಿ?" ಎಂದು ಮಗ-ಸೊಸೆಯ ಎದುರೇ ಕೇಳಿಬಿಟ್ಟೆ. "ಇಲ್ರಿ ಸಿಸ್ಟರ್‌ಬಾಯಿ, ದೇವರಾಣೆ" ಎಂದರು. ಇಂಥ ಆಣೆಗಳನ್ನು ದಿನಕ್ಕೆ ನಾಲ್ಕು ಕೇಳುವವಳು ನಾನು, ನಂಬಲಿಲ್ಲ. ಸೊಸೆ ಮನೆಗೆ ಹೋಗಿ ಬೆಲ್ಲದ ಡಬ್ಬಿಯನ್ನು ಕಪಾಟಿಗಿಟ್ಟು ಬೀಗ ಹಾಕಿದಳಂತೆ.

ಒಂದು ಸಂಜೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಅವರ ಮನೆಗೆ ಹೋದೆ. ಊಟದ ಹೊತ್ತು. ಅವ್ವ ಪೆನ್ನಿಗೆ ಸೂಜಿ ಸಿಕ್ಕಿಸಿ, ಮೇಲಿನ ಮುಚ್ಚಳ ತೆಗೆದು, ಹೊಟ್ಟೆಗೊತ್ತಿ ಹತ್ತು ಎಣಿಸಿದರು. ಸೂಜಿಯ ಮೇಲಿನ ತೆಳ್ಳಗಿನ ಒಳಮುಚ್ಚಳ ಹಾಗೇ ಇತ್ತು. ಔಷಧಿಯೆಲ್ಲ ತೊಟ್ಟಿಕ್ಕಿ ಸೀರೆ ಒದ್ದೆಯಾಯಿತು.

"ಒಳಗಿಂದು ತೆಗೀಲಿಲ್ಲಲ್ರಿ ಅವ್ವಾ?"

"ಅದೂ ತೆಗೀಬೇಕೇನ್ರಿ? ನೀವು ಒಂದೇ ಸಲ ಎಳೆದ್ರಲ್ಲ."

ಹೌದು. ಗಡಿಬಿಡಿಯಲ್ಲಿ ಎರಡನ್ನೂ ಒಂದೇ ಎಳೆತಕ್ಕೆ ಕಿತ್ತಿದ್ದೆ. ತಿಳೀತೇನ್ರಿ ಎಂದು ಕೇಳಿದ್ದೆನೇ ಹೊರತು ಮಾಡಿ ತೋರಿಸ್ರಿ ಎಂದಿರಲಿಲ್ಲ. ಕಲಿತವರು ಅಷ್ಟು ಹೇಳಿದ ಮೇಲೆ ತಿಳಿಯಲಿಲ್ಲ ಅನ್ನುವುದು ನಮ್ಮ ಕಡೆಯ ಹಿರಿಯರಿಗೆ ಮರ್ಯಾದೆಯಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳಂತೆ, ಹಾಗಾಗಿತ್ತು ನನ್ನ ಕಥೆ.

ಆಗ ಏರಿಸಿದ ಡೋಸ್ ನೆನಪಾಯಿತು. ಅಷ್ಟೂ ಒಮ್ಮೆಲೇ ಒಳಗೆ ಹೋದರೆ ಸಕ್ಕರೆ ಕುಸಿದು ಜೀವಕ್ಕೇ ಕುತ್ತು. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಕಡಿಮೆ ಡೋಸನ್ನು ಹೊಸ ಸೂಜಿಯಿಂದ ಅವ್ವನ ಕೈಯಲ್ಲೇ ಹಾಕಿಸಿದೆ. ಬೆರಳು ಮುಂದೆ ಉಳಿಯಿತು, ಆದರೆ ಆ ಸಂಜೆ ಅದು ಯಾರಿಗೂ ಗೊತ್ತಿರಲಿಲ್ಲ.

"ಈಗ ಚುರುಕ್ ಅಂತು ನೋಡ್ರಿ" ಎಂದ ಅವ್ವ ಪೆನ್ನಿಗೆ ಮುಚ್ಚಳ ಹಾಕುತ್ತ ಕೇಳಿದರು: "ಹಂಗಾರ ನಾ ಕದ್ದು ತಿಂದಿಲ್ಲೇನ್ರಿ? ಎಲ್ಲಾರೂ ಅಂದು ಅಂದು, ನಿದ್ದಿಗಣ್ಣಾಗ ಎದ್ದು ತಿಂತೀನೇನೋ ಅಂತ ನನಗೇ ಅನಸಲಾಕ ಹತ್ತಿತ್ತು."

"ಇಲ್ರಿ ಅವ್ವಾ, ನೀವು ತಿಂದಿಲ್ಲ. ತಪ್ಪು ನಂದು" ಎಂದೆ. ಆಮೇಲೆ ಒಲೆಯ ಮುಂದಿದ್ದ ಸೊಸೆಗೂ, ಶಿಫ್ಟ್ ಮುಗಿಸಿ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಮಗನಿಗೂ ಕೇಳುವಂತೆ ಅದನ್ನೇ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ.